ಎಡಗಿವಿ

“ಮುಟ್ಟಬೇಡ ಅಂದೆ. ಆ ಹಾಡಿನ ಪ್ಲೇಟಿಂದ ಕೈ ತೆಗಿಯಪ್ಪ.”

“ನನ್ನ ಪ್ಲೇಟು, ನನ್ನ ಮಗ. ಕೇಳೋಕೆ ನೀನ್ಯಾರೆ? ಹೆಣ ಎತ್ತೋ ಮುಂಚೆ ಅವನಿಗಿಷ್ಟದ ಹಾಡು ಹಾಕ್ತೀನಿ. ಅವನಿಗೆ ಹಾಡಿನ ಹುಚ್ಚು ಹಿಡಿಸಿದ್ದೇ ನಾನು.”

ಅವಳ ಅಪ್ಪನಿಗೆ ಎಂಬತ್ತೆರಡು. ಅಣ್ಣನ ಹೆಣ ನಡುಮನೆಯ ಚಾಪೆಯ ಮೇಲಿತ್ತು. ನಿನ್ನೆ ಬೆಳಿಗ್ಗೆ ತನ್ನ ರೇಡಿಯೋ ರಿಪೇರಿ ಅಂಗಡಿ ತೆರೆಯಲು ರಸ್ತೆ ದಾಟುವಾಗ, ಎಡಗಡೆಯಿಂದ ಬಂದ ಲಾರಿ ಅವನನ್ನು ಹತ್ತು ಮಾರು ಎಳೆದೊಯ್ದಿತ್ತು. ಮುಖವೊಂದು ನೆಟ್ಟಗಿತ್ತು, ಮಿಕ್ಕಿದ್ದನ್ನು ಆಸ್ಪತ್ರೆಯವರು ಬಟ್ಟೆಯಲ್ಲಿ ಬಿಗಿದು ಕೊಟ್ಟಿದ್ದರು.

“ಮೂರು ಸಲ ಹಾರ್ನ್ ಹೊಡೆದ ಲಾರಿಯವನು,” ಎಂದ ಪಕ್ಕದಂಗಡಿಯ ದರ್ಜಿ. “ನಾನೂ ಕೂಗಿದೆ, ಅವನು ಬಲಕ್ಕೇ ತಿರುಗಿ ನೋಡಿದ. ಒಂಟಿಕಿವಿ ಅಂತ ರೇಗಿಸ್ತಿದ್ದೆ. ‘ನಿನ್ನ ಹರಟೆಗೆ ಅಂತಲೇ ಒಂದು ಕಿವಿ ಮುಚ್ಚಿಸಿಟ್ಟಿದೀನಿ’ ಅಂತಿದ್ದ.”

“ಚಿಕ್ಕವನಿದ್ದಾಗ ಜ್ವರ ಬಂದು ಹೋಯ್ತು ಕಿವಿ,” ಎಂದ ಅಪ್ಪ. “ಹಣೆಬರಹ.”

“ಜ್ವರವಂತೆ. ಅತ್ತಿಗೆ, ನಿಮಗೂ ಹಾಗೇ ಹೇಳಿದಾರಾ?”

ಮೂಲೆಯಲ್ಲಿದ್ದ ಅತ್ತಿಗೆ ತಲೆಯೆತ್ತಿದಳು. “ಇವರೂ ಹಾಗೇ ಹೇಳ್ತಿದ್ರು.”

“ಇವತ್ತಾದ್ರೂ ನಿಜ ಹೇಳಪ್ಪ. ಇವರ ಮುಂದೆ ಹೇಳು. ಆಮೇಲೆ ಎಷ್ಟು ಬೇಕಾದ್ರೂ ಹಾಡು ಹಾಕು.”

“ಹೇಳೋದೇನು? ಜ್ವರ.”

* * *

ಆಗ ಅವಳಿಗೆ ಏಳು, ಅಣ್ಣನಿಗೆ ಹತ್ತು. ಅಪ್ಪ ಕೆಲಸಕ್ಕೆ ಹೊರಟೊಡನೆ ಇಬ್ಬರೂ ರೇಡಿಯೋದ ಮುಂಬಟ್ಟೆಗೆ ಕೆನ್ನೆಯೊತ್ತಿ ಕೂರುತ್ತಿದ್ದರು. ಬಿಸಿ ಧೂಳಿನ ವಾಸನೆಯ ಜೊತೆ ಹಾಡು ಬರುತ್ತಿತ್ತು. ಪ್ಲೇಟು ಹಾಕುವ ಪ್ಲೇಯರಿಗೆ ಮಾತ್ರ ಬೀಗ. ಒಂದು ದಿನ ಅಣ್ಣ ಕಾಗದವನ್ನು ಕೊಳವೆಯಾಗಿ ಸುತ್ತಿ, ತುದಿಗೆ ಹೊಲಿಗೆ ಸೂಜಿ ಚುಚ್ಚಿದ. ಪ್ಲೇಟನ್ನು ಪೆನ್ಸಿಲಿಗೆ ಸಿಕ್ಕಿಸಿ ಬೆರಳಲ್ಲಿ ತಿರುಗಿಸಿದ. ಕಾಗದದೊಳಗಿಂದ ಹೆಂಗಸೊಬ್ಬಳು ಸೊಳ್ಳೆಯಷ್ಟು ಸಣ್ಣಗೆ ಹಾಡಿದಳು.

“ಎಲ್ಲಿದಾಳೋ ಇವಳು?”

“ಗೆರೆಯೊಳಗೆ ಕಣೆ. ಉಸಿರು ಬಿಡಬೇಡ, ಓಡಿಹೋಗ್ತಾಳೆ.”

ನಾನೂ ತಿರುಗಿಸ್ತೀನಿ ಎಂದು ಅವಳು ಕೈಹಾಕಿದಳು. ಸೂಜಿ ಜಾರಿ ಪ್ಲೇಟಿನ ಅಡ್ಡಕ್ಕೆ ಗೀರಿತು.

ಸಂಜೆ ಅಪ್ಪ ಕೇಳಿದ್ದು ಒಂದೇ ಮಾತು: “ಯಾರು?” ಅವಳು ಬಾಯಿ ತೆರೆಯುವಷ್ಟರಲ್ಲಿ ಅಣ್ಣ “ನಾನು” ಎಂದ. ಅಪ್ಪ ಅಂಗೈ ಬೀಸಿ ಎಡಗಿವಿಗೆ ಹೊಡೆದ. ಬಿದ್ದವನನ್ನು ಎತ್ತಿ ನಿಲ್ಲಿಸಿ ಅದೇ ಕಿವಿಗೆ ಹೊಡೆದ. ಮತ್ತೆ ಎತ್ತಿ ನಿಲ್ಲಿಸಿದ. ರಕ್ತ ಇಳಿದು ಅಂಗಿಯ ಕಾಲರು ನೆನೆಯಿತು.

ಆಮೇಲೆ ಮದುವೆಯಾಗಿ ಹೋಗುವ ತನಕ, ರಸ್ತೆಯಲ್ಲಿ ಅವಳು ಅಣ್ಣನ ಎಡಕ್ಕೇ ನಡೆದಳು.

* * *

ಅಪ್ಪ ಪ್ಲೇಟು ಹಾಕಿಯೇಬಿಟ್ಟ. ಅದೇ ಹೆಂಗಸು ಹಾಡಿದಳು. ಗೀರು ಬಂದಲ್ಲಿ ಮುಳ್ಳು ಎಗರಿ, ಒಂದೇ ಸಾಲು ಮತ್ತೆ ಮತ್ತೆ ಬರತೊಡಗಿತು.

“ಈ ಗೀರೂ ಅವನದೇ,” ಅಪ್ಪ ದರ್ಜಿಯತ್ತ ನಕ್ಕ. “ಕೈ ಸುಮ್ಮನಿರ್ತಿರಲಿಲ್ಲ ಮುಂಡೇದು.”

“ಗೀರಿದ್ದು ನಾನು.”

ಅಪ್ಪನ ನಗು ನಿಂತಿತು.

“ನಾನು ಗೀರಿದೆ. ನೀನು ಅವನ ಕಿವಿ ಒಡೆದೆ. ಮಿಕ್ಕಿದ್ದನ್ನ ನಿನ್ನೆ ಲಾರಿ ಮುಗಿಸ್ತು.”

“ಬಾಯ್ಮುಚ್ಚೆ. ಅವನಿಗೆ ಜ್ವರ ಬಂದಿತ್ತು.”

ಅವಳು ಕೈ ಎತ್ತಿದಳು.

ಏಟು ಬೀಳುವ ಮೊದಲೇ ಮುದುಕನ ಅಂಗೈ ತಟ್ಟನೆ ಹೋಗಿ ತನ್ನ ಎಡಗಿವಿಯನ್ನು ಮುಚ್ಚಿಕೊಂಡಿತು.

ದರ್ಜಿ ನೋಡಿದ. ಅತ್ತಿಗೆ ನೋಡಿದಳು.

ಅವಳು ಕೈ ಇಳಿಸಿದಳು. ಅಣ್ಣನ ಎಡಗಡೆ ಒಂದು ಗಳಿಗೆ ನಿಂತಳು. ಆಮೇಲೆ ಚಪ್ಪಲಿ ಮೆಟ್ಟಿ ಹೊರಟಳು. ಬೀದಿಯ ತಿರುವಿನ ತನಕ ಕೂಗುತ್ತ ಹೋದ ದರ್ಜಿ ಒಬ್ಬನೇ ವಾಪಸು ಬಂದ.

ಹೆಣ ಎತ್ತುವಾಗಲೂ ಅವಳು ಬರಲಿಲ್ಲ. ಪ್ಲೇಟು ಅದೇ ಸಾಲಿನಲ್ಲಿ ಸುತ್ತುತ್ತಿತ್ತು. ಅಪ್ಪನ ಕೈ ಇನ್ನೂ ಕಿವಿಯ ಮೇಲಿತ್ತು.