ಫ್ರಿಜ್ಜಿನ ಬಾಗಿಲು ಮತ್ತು ನನ್ನ ಅಕ್ಕ

೧
ಹೇಗೆ ಶುರು ಮಾಡಲಿ? "ಪ್ರತಿಭಾವಂತ ನಿರ್ದೇಶಕಿಯ ಹೊಸ ಕ್ರೈಂ ಕಾಮಿಡಿ ನಿರಾಸೆ ಮೂಡಿಸುತ್ತದೆ" ಎಂದರೆ ಅದು ವಿಮರ್ಶೆ. ಆ ನಿರ್ದೇಶಕಿ ನನ್ನ ಅಕ್ಕ ಎಂದರೆ ಕಥೆ. ಸಂಪಾದಕರಿಗೆ ಸಂಜೆಯೊಳಗೆ ವಿಮರ್ಶೆ ಬೇಕು, ನಿಮಗೆ ಕಥೆ ಬೇಕು. ಇಬ್ಬರನ್ನೂ ಸಂಭಾಳಿಸುವಷ್ಟು ಜಾಣ ನಾನಲ್ಲ.

೨
(ಹೊಡೆದು ಹಾಕಿದ ಆರಂಭ: "ಒಮ್ಮೆ ನೋಡಬಹುದು." ಥೂ! ಗೋಡೆಯನ್ನೂ ಒಮ್ಮೆ ನೋಡಬಹುದು.)

೩
ಸಿನಿಮಾದಲ್ಲಿ ಕಳ್ಳನೊಬ್ಬ ಫ್ರಿಜ್ಜಿನೊಳಗೆ ಅಡಗುತ್ತಾನೆ. ಪೊಲೀಸರು ಬಂದು, ಟೀ ಕುಡಿದು, ಹೋಗುತ್ತಾರೆ. ಅಷ್ಟು ಹೊತ್ತೂ ನಾವು ಮುಚ್ಚಿದ ಬಾಗಿಲನ್ನೇ ನೋಡುತ್ತಿರಬೇಕು. ಥಿಯೇಟರಿನಲ್ಲಿ ಒಬ್ಬರೂ ನಗಲಿಲ್ಲ. ಮೊದಲ ಸಿನಿಮಾದಲ್ಲಿ ಬರೀ ಒಂದು ಒಂಟಿ ಚಪ್ಪಲಿ ತೋರಿಸಿ ಜನ ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡಿದವಳು ಇದೇ ಅಕ್ಕ. ನನ್ನ ಸಿಟ್ಟೆಲ್ಲ ಅದಕ್ಕೇ.

೪
ಇಲ್ಲಿ ಅಕ್ಕ ಕಥೆಯೊಳಗೆ ನುಗ್ಗುತ್ತಾಳೆ. (ನಾನು ಕರೆದಿರಲಿಲ್ಲ.)

"ಎಡಿಟಿಂಗ್ ರೂಮಲ್ಲಿ ಎಲ್ರೂ ಬಿದ್ದು ಬಿದ್ದು ನಕ್ರು ಕಣೋ!"

"ಎಲ್ರೂ ಅಂದ್ರೆ?"

"ನಮ್ಮವ್ರೇ. ಕ್ಯಾಮೆರಾ, ಲೈಟು, ಮೇಕಪ್ಪು. ಶೂಟಿಂಗ್ ದಿನ ಆ ಬಾಗ್ಲು ನಿಜವಾಗ್ಲೂ ಜಾಮ್ ಆಗೋಯ್ತು. ಹೀರೋ ಒಳಗಿಂದ 'ಅಮ್ಮಾ' ಅಂತ ಕೂಗ್ತಿದಾನೆ, ನಾವು ಎಳೀತಾನೇ ಇದೀವಿ!"

ಅವಳಿಗೆ ನಗು ತಡೆಯಲಾಗಲಿಲ್ಲ. ನನಗೂ.

"ಅಕ್ಕಾ, ಇದು ಸಿನಿಮಾದಲ್ಲಿ ಎಲ್ಲಿದೆ?"

ಅವಳ ನಗು ನಿಂತಿತು. ಬಾಗಿಲು ಕಂಡಾಗಲೆಲ್ಲ ತಂಡ ಆ ದಿನವನ್ನು ನೆನೆದು ನಕ್ಕಿತ್ತು. ಥಿಯೇಟರಿನಲ್ಲಿದ್ದ ನಮಗೆ ಸಿಕ್ಕಿದ್ದು ಬರೀ ಬಾಗಿಲು.

೫
"ಇದನ್ನ ಬರೆದ್ರೆ ನಿರ್ಮಾಪಕರು ನಂಗೆ ಇನ್ನೊಂದು ಸಿನಿಮಾ ಕೊಡಲ್ಲ. ಗೊತ್ತಲ್ವಾ?"

"ಗೊತ್ತು."

"ಆದ್ರೂ ಬರೀತೀಯಾ?"

ಮುಕ್ತಾಯ ಒಂದು: ನಾನು ಹೊಗಳುತ್ತೇನೆ, ಅಕ್ಕ ತಬ್ಬಿಕೊಳ್ಳುತ್ತಾಳೆ. ಬೇಡ, ನನ್ನ ಸುಳ್ಳು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಮುಕ್ತಾಯ ಎರಡು: ವಿಮರ್ಶೆಯನ್ನು ಬೇರೆಯವರಿಗೆ ವಹಿಸಿ ಕೈ ತೊಳೆದುಕೊಳ್ಳುತ್ತೇನೆ. ಅದೂ ಬೇಡ, ಅವರಿಗೆ ಆ ಚಪ್ಪಲಿಯ ನೆನಪಿರುವುದಿಲ್ಲ.

"ಬರೀತೀನಿ. ನೀನು ನನ್ನ ಅಕ್ಕ ಅಂತ ಮೊದಲ್ನೇ ಸಾಲಲ್ಲೇ ಹಾಕ್ತೀನಿ."

ಅವಳು ಕುರ್ಚಿ ಎಳೆದುಕೊಂಡು ನನ್ನ ಕಂಪ್ಯೂಟರ್ ಪರದೆಯ ಮೇಲಿದ್ದುದನ್ನು ಓದಿದಳು. ಕಣ್ಣು ತುಂಬಿತ್ತು. ಒರೆಸಿಕೊಳ್ಳಲಿಲ್ಲ.

"ಬರೀ 'ನಿರಾಸೆ'ನಾ? 'ಭಾರೀ ನಿರಾಸೆ' ಅಂತ ಹಾಕೋ, ಪುಕ್ಕಲ. ಯಾರು ಕೊಡ್ಲಿ ಬಿಡ್ಲಿ, ನಾನಂತೂ ಇನ್ನೊಂದು ತೆಗೆದೇ ತೆಗೀತೀನಿ."

೬
ಈಗ ಕೊನೆಯ ಸಾಲನ್ನು ತಾನೇ ಬರೆಯುತ್ತೇನೆಂದು ಅಕ್ಕ ಕೀಬೋರ್ಡ್ ಎಳೆಯುತ್ತಿದ್ದಾಳೆ. ನಾನು ಬಿಡುತ್ತಿಲ್ಲ. ಅವಳ ಮುಂದಿನ ಸಿನಿಮಾ ನೋಡುವವರೆಗೂ ಆ ಜಾಗ ಖಾಲಿ ಇರಬೇಕು. ಸಂಪಾದಕರ ಫೋನು ಹೊಡೆದುಕೊಳ್ಳುತ್ತಲೇ ಇದೆ.

ಹೊಡೆದುಕೊಳ್ಳಲಿ.