ಮುರಿಗೆವ್ವನ ಕಿಟಕಿಗೆ ಮುಖ ಮಾಡಿದ ದೃಷ್ಟಿಗೊಂಬೆ

ನಾನು ಒಂದು ದೃಷ್ಟಿಗೊಂಬೆ. ಕಟ್ಟುತ್ತಿರುವ ಮನೆಯ ಮುಂದೆ ನಾಲಿಗೆ ಚಾಚಿಕೊಂಡು ತೂಗಾಡುತ್ತದಲ್ಲ, ಬಿದಿರಿನ ಕೈ, ಹುಲ್ಲಿನ ಹೊಟ್ಟೆ, ಮಡಕೆಯ ತಲೆ, ಅದೇ ನಾನು. ಮಂದಿಯ ಹೊಟ್ಟೆಕಿಚ್ಚು ನುಂಗುವುದು ನನ್ನ ಕಸುಬು. ನುಂಗಿದ್ದೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಹೊಟ್ಟೆಗೇ ಹೋಗುತ್ತದೆ, ಇನ್ನೆಲ್ಲಿಗೆ ಹೋದೀತು? ಅದಕ್ಕೇ ನನ್ನಷ್ಟು ಹೊಟ್ಟೆಕಿಚ್ಚಿನ ಪ್ರಾಣಿ ಗದಗ-ಬೆಟಗೇರಿಯಲ್ಲಿ ಇನ್ನೊಂದಿಲ್ಲ.

ಈ ಉರಿ ಹುಟ್ಟಿನಿಂದಲೇ ಬಂದದ್ದು. ಬೆಟಗೇರಿಯ ಕುಂಬಾರ ಓಣಿಯ ಆವಿಗೆಯಲ್ಲಿ ನನ್ನ ಜೊತೆ ಬೆಂದ ಮಡಕೆಗಳೆಲ್ಲ ಒಳ್ಳೊಳ್ಳೆಯ ಮನೆ ಸೇರಿದವು. ಒಂದು ನೀರಿನ ಗಡಿಗೆಯಾಗಿ ತಂಪು ಮೂಲೆಯಲ್ಲಿ ಕುಳಿತಿತು. ಇನ್ನೊಂದು ಮದುವೆಮನೆಗೆ ಐರಾಣಿ ಗಡಿಗೆಯಾಗಿ ಹೋಯಿತು. ಅದಕ್ಕೆ ಸುಣ್ಣದ ಚಿತ್ತಾರವೇನು, ಹೊತ್ತು ತರುವಾಗ ಮುತ್ತೈದೆಯರ ಹಾಡೇನು, ಮುಂದೆ ಬಾಜಾಬಜಂತ್ರಿಯೇನು! ನನ್ನನ್ನು ಮಾತ್ರ ಕುಂಬಾರಜ್ಜಿ ಬೆರಳಿನಿಂದ ತಟ್ಟಿ, ಸಪ್ಪಳ ಕೇಳಿ, "ಇದರಾಗ ಸೀಳೈತಿ, ನೀರು ಹಿಡಿಯೂದಿಲ್ಲ" ಎಂದು ಬದಿಗಿಟ್ಟಳು. ಆಮೇಲೆ ಬೋರಲು ಹಾಕಿ, ಕಪ್ಪು ಬಳಿದು, ಎರಡು ಬಿಳಿ ಕಣ್ಣು, ಒಂದು ಕೆಂಪು ನಾಲಿಗೆ ಬರೆದಳು. ಐರಾಣಿಗೆ ಹೂವು, ನನಗೆ ನಾಲಿಗೆ. ಇದು ನ್ಯಾಯವೇ ನೀವೇ ಹೇಳಿ.

ನನ್ನನ್ನು ಕೊಂಡವನು ಮಕ್ತುಮಸಾಬ್ ಎಂಬ ಮೇಸ್ತ್ರಿ. ಮನೆ ಕಟ್ಟಿಸುವವರು ಸಾಮಾನ್ಯವಾಗಿ ಗೃಹಪ್ರವೇಶ ಮುಗಿದ ಮೇಲೆ ದೃಷ್ಟಿಗೊಂಬೆಯನ್ನು ಮೂರು ದಾರಿ ಕೂಡುವಲ್ಲಿ ಎಸೆದು ಬರುತ್ತಾರೆ. ಮಕ್ತುಮಸಾಬ್ ಎಸೆಯಲಿಲ್ಲ. "ಇದರ ಕೈಗುಣ ಛಲೋ ಐತಿ" ಎಂದು ಒಂದು ಕೆಲಸ ಮುಗಿದ ಕೂಡಲೇ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಇನ್ನೊಂದು ಕೆಲಸಕ್ಕೆ ಒಯ್ಯುತ್ತಿದ್ದ. ಹೋದಲ್ಲೆಲ್ಲ ಆ ಮನೆಯ ಯಜಮಾನನ ಹಳೆಯ ಅಂಗಿ ನನ್ನ ಮೈಗೆ ಏರುತ್ತಿತ್ತು. ವಕೀಲರ ಅಂಗಿ ತೊಟ್ಟಿದ್ದೇನೆ, ಕಾಳಿನ ವ್ಯಾಪಾರಿಯ ಜುಬ್ಬಾ ತೊಟ್ಟಿದ್ದೇನೆ, ಮಾಸ್ತರರೊಬ್ಬರ ತೋಳು ಹರಿದ ಸ್ವೆಟರಿನಲ್ಲಿ ಬೇಸಿಗೆ ಕಳೆದಿದ್ದೇನೆ.

ಆದರೆ ಒಂದು ಮನೆಯ ಒಳಗೂ ಕಾಲಿಟ್ಟವನಲ್ಲ. ಪಾಯ ತೋಡಿದ ದಿನದಿಂದ ಬಿಸಿಲು, ಮಳೆ, ಕಾಗೆಯ ಹಿಕ್ಕೆ ಎಲ್ಲ ತಡೆದುಕೊಂಡು ಕಾಯುವವನು ನಾನು. ಗೃಹಪ್ರವೇಶದ ದಿನ ಬೆಳಿಗ್ಗೆ ಮೊದಲು ಇಳಿಸುವುದೂ ನನ್ನನ್ನೇ. ಆಮೇಲೆ ಹಸುವನ್ನು ಒಳಗೆ ಬಿಡುತ್ತಾರೆ. ಒಂದು ಇಟ್ಟಿಗೆ ಕಾಯದ ಹಸು! ಅದು ಹೊಸ ನೆಲದ ಮೇಲೆ ಗಂಜಳ ಹೊಯ್ದರೂ ಶುಭವಂತೆ. ಹಸು ಒಳಗೆ, ತೋರಣ ಬಾಗಿಲಿಗೆ, ನೆಂಟರು ಊಟಕ್ಕೆ, ನಾನು ಸೈಕಲ್ಲಿನ ಹಿಂದೆ. ಹೊಟ್ಟೆಗೆ ಖಾರ ಅರೆದು ಹಚ್ಚಿದಂತೆ ಆಗುತ್ತಿತ್ತು.

ಕೊನೆಗೆ ಬಂದದ್ದು ನೀಲಗಂಗವ್ವನ ಹಿತ್ತಲಿಗೆ.

ಅದು ಅಣ್ಣತಮ್ಮಂದಿರು ಪಾಲಾದ ಮನೆ. ನಡುವೆ ಒಂದು ಗೋಡೆ. ಈಚೆ ಅಣ್ಣನ ಹೆಂಡತಿ ನೀಲಗಂಗವ್ವ, ಆಚೆ ತಮ್ಮನ ಹೆಂಡತಿ ಮುರಿಗೆವ್ವ. ನೀಲಗಂಗವ್ವನ ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು ಶಕುಂತಲಾ ಗಂಡನ ಮನೆ ಬಿಟ್ಟು ಬಂದು ಬಟ್ಟೆ ಹೊಲಿಯುತ್ತಿದ್ದಳು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಈ ತಾಯಿ ಮದುವೆ ಮಾಡಿ ನೋಡಿಯಾಗಿತ್ತು, ಈಗ ಕಟ್ಟಲು ಹೊರಟಿದ್ದಳು.

ಶಕುಂತಲೆಯ ಕೈ ಅಚ್ಚುಕಟ್ಟು. ಆದರೆ ಅವಳ ಮಷೀನು ಇದ್ದದ್ದು ಪಡಸಾಲೆಯಿಂದ ಅಡಿಗೆಮನೆಗೆ ಹೋಗುವ ಓಣಿಯಂಥ ಜಾಗದಲ್ಲಿ. ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸರು ಅತ್ತಿತ್ತ ನೋಡಿ, "ಬಾಗಲಾ ಇಲ್ಲೇನವಾ ಇಲ್ಲೆ?" ಎಂದು ಕೇಳುವರು. ಇಲ್ಲ ಎಂದರೆ "ಆಮ್ಯಾಲ ಬರ್ತೇನಿ" ಎಂದು ಹೋದವರು ಪೇಟೆಯ ಲೇಡಿಸ್ ಟೇಲರಿನ ಹತ್ತಿರ ಹೋಗುವರು. ಅವಳ ಅನ್ನ ನಿಂತದ್ದು ಮುಚ್ಚಿಕೊಳ್ಳುವಂಥ ಒಂದು ಬಾಗಿಲಿನ ಮೇಲೆ.

ಮಕ್ತುಮಸಾಬ್ ಹಿತ್ತಲಿನಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದ. "ಅಕ್ಕಾರ, ಇಲ್ಲಿ ಒಂದು ಖೋಲಿ. ಹಿಂದಿನ ಓಣಿಗೆ ಬಾಗಲಾ, ಬಂದೋರು ಮನಿಯೊಳಗ ಹಾಯಬೇಕಂತಿಲ್ಲ. ಮೂರು ಕಡೆ ಹೊಸಾ ಗ್ವಾಡಿ, ನಾಕನೇದು ಹೆಂಗಿದ್ರೂ ನಡುವಿನ ಗ್ವಾಡಿ ಐತಿ. ಅದರ ಮ್ಯಾಲ ಕಬ್ಬಿಣದ ತೊಲಿ ಇಟ್ಟು ಹಾಸುಗಲ್ಲು ಹೊದಿಸಿದ್ರ ಮುಗೀತು. ನಿಮ್ಮ ರೊಕ್ಕದಾಗ ಕೆಲಸಾನೂ ಮುಗಿತೈತಿ, ಬಣ್ಣಕ್ಕೂ ಉಳಿತೈತಿ."

ಆ ಗೋಡೆ ಇಬ್ಬರದೂ. ತೊಲೆ ಇಡಬೇಕಾದರೆ ಆಚೆಯವರ ಬಾಯಿಂದ ಹೂಂ ಅನ್ನಿಸಿಕೊಳ್ಳುವುದು ಆ ಕಡೆಯ ರೂಢಿ. ಶಕುಂತಲಾ ಹೋಗಿ ಕೇಳಿದಳು. ಮುರಿಗೆವ್ವ, "ನಿನ್ನ ಸಲುವಾಗಿ ಅಲ್ಲೇನು, ಇಡ್ರಿ" ಎಂದಳು. ಅಲ್ಲಿಗೆ ಎಲ್ಲ ಸುಸೂತ್ರ.

ಸುಸೂತ್ರವಾಗಿದ್ದರೆ ನನ್ನ ಕಥೆ ಯಾಕೆ ಬೇಕಿತ್ತು? ಮುರಿಗೆವ್ವ ಹಿಂದಿನ ವರ್ಷವೇ ಮಹಡಿ ಎಬ್ಬಿಸಿದ್ದಳು. ಬೀದಿಯ ಕಡೆಗೆ ಸ್ಟೀಲಿನ ಕಟಾಂಜನದ ಬಾಲ್ಕನಿ, ಹಿತ್ತಲ ಕಡೆಗೆ ಹೊಸ ಅಡಿಗೆಮನೆ. ಆ ಸ್ಟೀಲು ಬೆಳಗಿನ ಬಿಸಿಲಿಗೆ ಹೊಳೆದಾಗಲೆಲ್ಲ ನೀಲಗಂಗವ್ವನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಪಾಯಕ್ಕೆ ಗುದ್ದಲಿ ಬಿದ್ದದ್ದೇ ತಡ, ಖೋಲಿ ಬೆಳೆಯತೊಡಗಿತು. ಬಾಗಿಲಿಗೆ ಕಮಾನು ಬೇಕು. ನೆಲಕ್ಕೆ ಮುರಿಗೆವ್ವನ ಮನೆಯದಕ್ಕಿಂತ ದೊಡ್ಡ ಟೈಲ್ಸ್ ಬೇಕು. ಮುಂದೆ ಎಂದಾದರೂ ಮಹಡಿ ಎಬ್ಬಿಸಲು ಈಗಲೇ ಮೆಟ್ಟಿಲು ಬೇಕು. ಯಾವಾಗಲೂ ಅವಳ ಮಾತು "ಅಕೀ ಮನ್ಯಾಗ" ಎಂದೇ ಶುರು.

"ಅವ್ವಾ, ನನಗ ಬೇಕಾದದ್ದು ಒಂದು ಬಾಗಲಾ ಅಷ್ಟ" ಎಂದಳು ಶಕುಂತಲಾ.

"ಬಾಗಲಾ ಅಂದ್ರ ಮಂದಿ ತಿರುಗಿ ನೋಡುವಂಥಾದ್ದಿರಬೇಕು" ಎಂದಳು ತಾಯಿ.

ಮಂದಿ ತಿರುಗಿ ನೋಡಬೇಕು, ಆದರೆ ದೃಷ್ಟಿ ತಾಕಬಾರದು! ಮನೆ ಕಟ್ಟಿಸುವವರ ಈ ಬುದ್ಧಿಯಿಂದಲೇ ನನ್ನ ಹೊಟ್ಟೆ ತುಂಬುತ್ತಿರುವುದು. ಗಂಡನ ಬಿಳಿ ಅಂಗಿಯನ್ನು ಅವಳು ಪೆಟ್ಟಿಗೆಯಿಂದ ತೆಗೆದು ಒಂದು ಸಲ ಮೂಸಿ ನೋಡಿ ನನಗೆ ತೊಡಿಸಿದಳು. ಮಕ್ತುಮಸಾಬ್ ಎತ್ತರದ ಬಿದಿರಿಗೆ ಕಟ್ಟಿ, ವಾಡಿಕೆಯಂತೆ ನನ್ನ ಮುಖವನ್ನು ಹಿಂದಿನ ಓಣಿಯ ಕಡೆಗೆ ಮಾಡಿದ.

"ಹಂಗಲ್ಲ. ಆ ಕಡೆ ತಿರುವು" ಎಂದು ಅವಳು ಬೆರಳು ತೋರಿಸಿದ್ದು ಮುರಿಗೆವ್ವನ ಅಡಿಗೆಮನೆಯ ಕಿಟಕಿಗೆ.

"ಅಕ್ಕಾರ, ಇದನ್ನ ದಾರಿ ಕಡೆ ಮಾರಿ ಮಾಡಿ ಕಟ್ಟೂದು. ಒಬ್ಬರ ಮನಿ ಕಡೆ ಮಾಡಿದ್ರ ಬೈದಂಗ ಆಕ್ಕೈತಿ."

"ದಾರ್ಯಾಗ ಹೋಗೋರ ಕಣ್ಣು ಏನ್ ಮಾಡ್ತಾವು? ಕಣ್ಣಿರೂದು ಅಲ್ಲಿ. ತಿರುವು."

ತಿರುವಿದ. ಮುರಿಗೆವ್ವ ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತಿದಳು. ಸತ್ತ ಭಾವನ ಅಂಗಿ ತೊಟ್ಟು, ನಾಲಿಗೆ ಚಾಚಿ, ತನ್ನನ್ನೇ ದಿಟ್ಟಿಸುತ್ತಿರುವ ನನ್ನನ್ನು ಕಂಡಳು. ಬಡಿಯುತ್ತಿದ್ದ ಕೈ ನಿಂತಿತು. ಆ ಹೊತ್ತು ಅವಳ ಮುಖ ನೋಡಿದವನು ನಾನೊಬ್ಬನೇ. ಅದು ಸಿಟ್ಟಲ್ಲ, ಹೊಡೆಸಿಕೊಂಡವರ ಮುಖ.

ಸಿಟ್ಟು ಮರುದಿನ ಬಂತು. ಗೋಡೆಯ ಮೇಲಿಂದ ಮಕ್ತುಮಸಾಬನನ್ನು ಕೂಗಿ, "ನನ್ನ ಗ್ವಾಡಿಗೆ ಒಂದು ಮೊಳಿ ಬಡದ್ರೂ ನೋಡ್ಕೋರಿ. ದೃಷ್ಟಿ ಹಾಕೋರ ಗ್ವಾಡಿ ಯಾಕ ಬೇಕಂತ ನಿಮ್ಮಕ್ಕಾರಿಗೆ?" ಎಂದಳು. ಅಷ್ಟಕ್ಕೇ ಬಿಡಲಿಲ್ಲ. ಸಂಜೆ ಪೇಟೆಯಿಂದ ತನ್ನದೂ ಒಂದು ದೃಷ್ಟಿಗೊಂಬೆ ತಂದು ಕಿಟಕಿಯ ಸರಳಿಗೆ ಕಟ್ಟಿಸಿದಳು, ನನ್ನ ಎದುರಿಗೇ.

ಅದರ ಸೊಕ್ಕು ಏನು ಹೇಳಲಿ! ಫೈಬರಿನ ತಲೆ, ರಬ್ಬರಿನ ನಾಲಿಗೆ, ಕಣ್ಣಿನಲ್ಲಿ ಕೆಂಪು ಬಲ್ಬು. ಮಳೆ ಬಂದರೆ ನೆನೆಯದು, ಬಿಸಿಲಿಗೆ ಬಣ್ಣ ಬಿಡದು. ನನ್ನ ಕಣ್ಣಿನ ಬಿಳಿಯನ್ನು ಅರ್ಧ ಕಾಗೆಯೇ ಬಳಿದಿತ್ತು. ಹಗಲೆಲ್ಲ ನಾವಿಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದೆವು. ಅದು ಹೊಸದು ಎಂದು ನನಗೆ ಉರಿ. ಅದಕ್ಕೆ ಉರಿಯಲು ಹೊಟ್ಟೆಯೇ ಇರಲಿಲ್ಲ, ಬರೀ ತಲೆ.

ಇತ್ತ ಲೆಕ್ಕವೆಲ್ಲ ತಲೆಕೆಳಗಾಯಿತು. ನಡುವಿನ ಗೋಡೆ ಇಲ್ಲವೆಂದರೆ ಆ ಬದಿಗೆ ಬೇರೆ ಕಂಬ ಎಬ್ಬಿಸಬೇಕು, ಕಂಬಕ್ಕೆ ಬೇರೆ ಪಾಯ ತೋಡಬೇಕು. ದುಡ್ಡಿನಲ್ಲಿ ಅರ್ಧ ಆಗಲೇ ಕಮಾನಿಗೂ ಮೆಟ್ಟಿಲಿಗೂ ಸೇರಿಹೋಗಿತ್ತು. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು ಅಕ್ಕಾರ" ಎಂದು ಮಕ್ತುಮಸಾಬ್ ಕರಣೆ ತೊಳೆದು ಚೀಲಕ್ಕೆ ಹಾಕಿದ. ಬೇರೆ ಕಡೆ ಕೆಲಸಕ್ಕೆ ಹೋದ. ನನ್ನನ್ನು ಬಿಚ್ಚಲಿಲ್ಲ, ಕೆಲಸ ಮುಗಿಯದೆ ಬಿಚ್ಚುವಂತಿಲ್ಲವಲ್ಲ. ಚಂದದ ಕಮಾನು, ಎಲ್ಲಿಗೂ ಹೋಗದ ಮೆಟ್ಟಿಲು, ಮೇಲೆ ಬರಿಯ ಆಕಾಶ.

ಆ ದಿನಗಳಲ್ಲಿ ನಾನು ಕಂಡದ್ದು ಮುರಿಗೆವ್ವನ ಅಡಿಗೆಮನೆಯೊಂದೇ. ಮುಖ ಅತ್ತಲೇ ಇತ್ತಲ್ಲ, ಮಾಡುವುದೇನು? ಅದರ ಒಳಬಾಗಿಲಿನಾಚೆ ಕಾಣುವ ಆ ಬಾಲ್ಕನಿಯಲ್ಲಿ ಯಾರೂ ನಿಲ್ಲುತ್ತಿರಲಿಲ್ಲ, ಒದ್ದೆ ಟವೆಲ್ಲು ಮಾತ್ರ ಒಣಗುತ್ತಿತ್ತು. ಅವಳ ಇಬ್ಬರು ಗಂಡುಮಕ್ಕಳು ಬಂದು ತಾಟಿಗೆ ಕೈ ಹಾಕಿ, ಉಂಡು, ಕೈ ತೊಳೆದು ಹೋಗುತ್ತಿದ್ದರು. "ಸಾಂಬಾರು ಹಾಕಲೇನು" ಎಂದರೆ "ಹೂಂ", "ಸಾಕೇನು" ಎಂದರೆ "ಹೂಂ". ಇತ್ತ ತಾಯಿ-ಮಗಳು ಒಲೆಯ ಮುಂದೆ ಜಗಳವಾಡುವುದು, ನಗುವುದು, ಮತ್ತೆ ಜಗಳವಾಡುವುದು ಗೋಡೆ ದಾಟಿ ಕೇಳಿಸಿದಾಗ ಮುರಿಗೆವ್ವ ಲಟ್ಟಣಿಗೆ ಕೈಯಲ್ಲಿ ಹಿಡಿದು ಸುಮ್ಮನೆ ನಿಲ್ಲುವಳು. ಮಷೀನು ಸದ್ದು ಮಾಡಿದರೆ ಅತ್ತ ಕಿವಿ. ಅವಳಿಗೆ ಹೆಣ್ಣುಮಗಳಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಹೊಟ್ಟೆಕಿಚ್ಚನ್ನು ಗುರುತಿಸಲು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಈಚೆಯವಳು ಆಚೆಯ ಸ್ಟೀಲಿಗೆ ಉರಿದಳು, ಆಚೆಯವಳು ಈಚೆಯ ಸದ್ದಿಗೆ ಉರಿದಳು. ನಡುವೆ ತೂಗಾಡುತ್ತ ಎರಡನ್ನೂ ನುಂಗಿದವನು ನಾನು.

ಒಂದು ದಿನ ಮಷೀನಿನ ಸದ್ದು ನಿಂತಿತು. ಮರುದಿನವೂ ಇಲ್ಲ. ಬಟ್ಟೆಬರೆ ಚೀಲಕ್ಕೆ ತುಂಬುತ್ತಿದ್ದ ಶಕುಂತಲೆಯ ಮಾತು ನನ್ನ ಬೆನ್ನ ಹಿಂದಿನಿಂದ ಕೇಳಿಸಿತು.

"ಹುಬ್ಬಳ್ಳ್ಯಾಗ ಗಾರ್ಮೆಂಟ್ಸ್‌ನವರು ಕರದಾರ. ಅಲ್ಲೇ ಇರಾಕ ಜಾಗಾನೂ ಕೊಡ್ತಾರಂತ. ಇಲ್ಲಿ ಕಮಾನಿನ ಕೆಳಗ ಕುಂತು ಏನ್ ಹೊಲೀಲಿ ಅವ್ವಾ, ಮ್ಯಾಲ ಮಾಳಿಗಿ ಇಲ್ಲ."

ನೀಲಗಂಗವ್ವ ಹಿತ್ತಲಿಗೆ ಬಂದು ಉಸುಕಿನ ಗುಡ್ಡೆಯ ಮೇಲೆ ಕುಳಿತಳು. ಬಹಳ ಹೊತ್ತು ನನ್ನನ್ನೇ, ಅಂದರೆ ನನ್ನ ಮೈಮೇಲಿನ ಅಂಗಿಯನ್ನು, ನೋಡಿದಳು. ಮಗಳು ಹೋದರೆ ಆ ಮನೆಯಲ್ಲಿ ಅವಳೂ ಆ ಅಂಗಿಯಂತೆಯೇ, ಒಳಗೆ ಯಾರೂ ಇಲ್ಲ. ಎದ್ದು ಸೀರೆ ಮೇಲೆ ಕಟ್ಟಿ, ಎಲ್ಲಿಗೂ ಹೋಗದ ಆ ಮೆಟ್ಟಿಲನ್ನು ಒಂದೊಂದಾಗಿ ಏರಿದಳು. ಕೊನೆಯ ಮೆಟ್ಟಿಲಿನಲ್ಲಿ ನಿಂತರೆ ನಾನು ಕೈಗೆ ಸಿಗುತ್ತಿದ್ದೆ. ಮುರಿಗೆವ್ವನ ಕಿಟಕಿಯೂ ಎದುರಿಗೇ ಬಂತು.

"ಏನು, ಇನ್ನೂ ಹತ್ರ ತಂದು ಕಟ್ಟಾಕ ಬಂದಿಯೇನು?" ಎಂದಳು ಮುರಿಗೆವ್ವ ಒಳಗಿನಿಂದ.

"ಇಲ್ಲ. ನನ್ನ ಕಡೆ ತಿರುವಾಕ ಬಂದೇನಿ."

"ಯಾಕ?"

"ನಿನ್ನ ಕಣ್ಣಲ್ಲ ಮುರಿಗೆವ್ವ. ನನ್ನ ಕಣ್ಣ ನನ್ನ ಮನಿಗೆ ಬಡದೈತಿ." ಅವಳು ನನ್ನ ಹೆಗಲು ಹಿಡಿದು ಹಗ್ಗ ಸಡಿಲಿಸಿ ತಿರುವಿದಳು. ಬದುಕಿನಲ್ಲಿ ಮೊದಲ ಬಾರಿ ನಾನು ಕಾಯುವ ಮನೆಯ ಒಳಭಾಗ ನನಗೆ ಕಂಡಿತು. ತೆರೆದ ಹಿತ್ತಲ ಬಾಗಿಲಿನಾಚೆ ಓಣಿಯಂಥ ಜಾಗ, ಮುಚ್ಚಿಟ್ಟ ಮಷೀನು, ಅದರ ಮೇಲೆ ಚೀಲ.

ಬೆನ್ನ ಹಿಂದಿನಿಂದ ಮುರಿಗೆವ್ವ ಕೇಳಿದಳು.

"ಎರಡು ದಿನಾತು, ಮಷೀನ್ ಸಪ್ಪಳ ಇಲ್ಲ. ಶಕ್ಕು ಎಲ್ಲಿ?"

"ಹುಬ್ಬಳ್ಳಿಗೆ ಹೊಂಟಾಳ. ಕಾರ್ಖಾನೆಗೆ."

ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು. "ತೊಲಿ ಇಡು ಗ್ವಾಡಿ ಮ್ಯಾಲ. ಮೇಸ್ತ್ರಿಗೆ ಹೇಳಿ ಕಳಸು, ನಾಳೆನ ಬರ್ಲಿ. ಟೈಲ್ಸ್ ಗೀಲ್ಸ್ ಬ್ಯಾಡ, ಬಾಗಲಾ ಮಾತ್ರ ಭದ್ರ ಇರಬೇಕು. ನಂದೂ ಎರಡು ಕುಬಸ ಹೊಲಿಸೂದೈತಿ. ಆ ಟೇಲರ್ ಗಂಡಸಿನ ಮುಂದ ಅಳತಿ ಕೊಡಾಕ ನಾಚಿಕ್ಯಾಗಿ, ಅಳತಿಗೆ ಹಳೇ ಕುಬಸಾನ ಕೊಟ್ಟು ಕೊಟ್ಟು, ಹೊಸಾದು ಒಂದೂ ಮೈಗೆ ಸರಿ ಕುಂತಿಲ್ಲ."

ನೀಲಗಂಗವ್ವ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮಕ್ತುಮಸಾಬ್ ಬಂದ, ತೊಲೆ ಗೋಡೆಯ ಮೇಲೆ ಕುಳಿತಿತು, ಹಾಸುಗಲ್ಲು ಹೊದಿಸಿದ್ದಾಯಿತು. ಟೈಲ್ಸಿನ ಬದಲು ಶಹಾಬಾದಿ ಕಲ್ಲು. ಹುಬ್ಬಳ್ಳಿಯ ಚೀಲ ಬಿಚ್ಚಿತು. ಪೂಜೆಯ ದಿನ ಬೆಳಿಗ್ಗೆ ವಾಡಿಕೆಯಂತೆ ನನ್ನನ್ನು ಇಳಿಸಿದರು. ಓಣಿಯಲ್ಲಿ ಹಸು ಮೇವು ಮೆಲ್ಲುತ್ತ ನಿಂತಿತ್ತು. ಅದನ್ನು ಕಂಡೊಡನೆ ನನ್ನ ಹಳೆಯ ಉರಿ ಎದ್ದಿತು. ಸೈಕಲ್ಲು ಎಲ್ಲಿದೆ ಎಂದು ನೋಡುತ್ತಿದ್ದೆ.

"ಕಾಕಾ, ಅದನ್ನ ನನಗ ಕೊಟ್ಟುಬಿಡ್ರಿ. ಅದರ ಹೆಗಲು ಛಲೋ ಅದಾವು. ಹೊಲಿದ ಬ್ಲೌಸು ತೊಡಿಸಿ ನಿಲ್ಲಸ್ತೇನಿ" ಎಂದಳು ಶಕುಂತಲಾ.

"ದೃಷ್ಟಿಗೊಂಬಿ ಮನಿಯೊಳಗ ತರಬಾರದು" ಎಂದಳು ತಾಯಿ.

"ಮಾರಿ ತೊಳದ್ರ ಅದು ಗಡಿಗಿ ನೀಲವ್ವಕ್ಕಾ" ಎಂದಳು ಮುರಿಗೆವ್ವ. "ಗಡಿಗಿ ಮನ್ಯಾಗ ಇರಬಾರದೇನು?"

ಅವಳೇ ಬಚ್ಚಲಿನ ಬಳಿ ಕೂತು ನನ್ನ ಮುಖ ತಿಕ್ಕಿದಳು. ನಾಲಿಗೆ ಹೋಯಿತು, ಕಪ್ಪು ಹೋಯಿತು, ಒಂದು ಕಣ್ಣು ಹೋಯಿತು. ಇನ್ನೊಂದು ಕಣ್ಣು ಎಷ್ಟು ತಿಕ್ಕಿದರೂ ಹೋಗಲಿಲ್ಲ. ಹಸುವಿನ ಬಾಲದ ಹಿಂದೆಯೇ ನಾನೂ ಒಳಗೆ ಹೋದೆ. ಅಂಗಿಯನ್ನು ನೀಲಗಂಗವ್ವ ಒಗೆದು, ಮಡಿಚಿ, ಪೆಟ್ಟಿಗೆಯಲ್ಲಿಟ್ಟಳು.

ಈಗ ನನಗೆ ವಯಸ್ಸಾಗಿದೆ. ತಲೆಯ ಸೀಳು ದೊಡ್ಡದಾಗಿದೆ, ಹೊಟ್ಟೆಯ ಹುಲ್ಲಿನಲ್ಲಿ ಇಲಿ ಒಮ್ಮೆ ಸಂಸಾರ ಹೂಡಿತ್ತು. ಬಾಗಿಲು ಮುಚ್ಚಿಕೊಂಡು ಹೆಂಗಸರು ಅಳತೆ ಕೊಡುತ್ತಾರೆ, ಊರ ಸುದ್ದಿಯನ್ನೆಲ್ಲ ಬಿಚ್ಚುತ್ತಾರೆ. ನನ್ನ ಮೈಮೇಲೆ ಈ ಹೊತ್ತು ಮಾವಿನಕಾಯಿ ಅಂಚಿನ ರೇಷ್ಮೆ ಬ್ಲೌಸು. ನಾಳೆ ಅದನ್ನು ತೊಟ್ಟು ಮದುವೆಗೆ ಹೋಗುವವಳ ಮೇಲೆ ನನಗೆ ಸ್ವಲ್ಪ ಉರಿ ಇದೆ. ಹುಟ್ಟುಗುಣ, ತಿಕ್ಕಿದರೆ ಹೋಗುತ್ತದೆಯೇ?

ಉಳಿದ ಒಂದು ಕಣ್ಣು ಕಿಟಕಿಯ ಕಡೆಗಿದೆ. ಅಲ್ಲಿಂದ ಮುರಿಗೆವ್ವನ ಅಡಿಗೆಮನೆಯ ಸರಳು ಕಾಣುತ್ತದೆ. ಅದಕ್ಕೆ ಕಟ್ಟಿದ ಆ ಗೊಂಬೆಯನ್ನು ಬಿಚ್ಚುವುದು ಯಾರಿಗೂ ನೆನಪಾಗಿಲ್ಲ. ಫೈಬರಿನ ಬಣ್ಣ ಬಿಳಿಚಿದೆ, ಬಲ್ಬು ಹೋಗಿದೆ, ರಬ್ಬರಿನ ನಾಲಿಗೆಯನ್ನು ಕಾಗೆ ಕಿತ್ತಿದೆ. ಮಳೆಯಲ್ಲಿ ನೆನೆಯುತ್ತ ಅದು ಈ ಖೋಲಿಯ ದೀಪವನ್ನೂ ರೇಷ್ಮೆ ತೊಟ್ಟ ನನ್ನನ್ನೂ ನೋಡುತ್ತದೆ. ಆ ನೋಟ ಎಂಥದ್ದೆಂದು ನನಗೆ ಚೆನ್ನಾಗಿ ಗೊತ್ತು. ಊರವರ ಕಣ್ಣನ್ನೆಲ್ಲ ನುಂಗಿದವನು ನಾನು, ಆದರೆ ಅದರಲ್ಲಿ ಒಂದೂ ನನಗಾಗಿ ಬಂದದ್ದಲ್ಲ. ಇದು ನನ್ನದು.