ಐದನೆಯ ಮುತ್ತೈದೆ

ನಲವತ್ತೆರಡನೇ ಇಸವಿಯ ಗಲಾಟೆ ಬಿದಿರುಕಟ್ಟೆಗೆ ಬರಲೇ ಇಲ್ಲ. ಅದರ ಹೆದರಿಕೆ ಮಾತ್ರ ಪಟೇಲ ಕಲ್ಲೇಶಪ್ಪನ ಕೈಗೆ ಒಂದು ಕಾಗದವಾಗಿ ಬಂತು. ತಳವಾರ ಬೈರ ತಮಟೆ ಬಡಿದು ಸಾರಿದ: ಐದು ಜನ ಒಂದು ಕಡೆ ಸೇರಕೂಡದು, ಸೇರಿದರೆ ಜೈಲು. ಎಲ್ಲಿ ಸೇರಬಾರದು, ಎಷ್ಟು ದಿನ ಸೇರಬಾರದು ಎಂದು ಒಬ್ಬರೂ ಕೇಳಲಿಲ್ಲ. ಕೇಳುವ ಊರೇ ಆಗಿದ್ದರೆ ಈ ಕಥೆ ಹೇಳುವ ಕರ್ಮ ನನಗೇಕೆ ಬರುತ್ತಿತ್ತು?

ಊರು ಆ ಕಾನೂನನ್ನು ಪಾಲಿಸಿದ ಚಂದ ನೋಡಿದ್ದರೆ ಕಾನೂನು ಮಾಡಿದವರೇ ನಾಚಿಕೊಳ್ಳುತ್ತಿದ್ದರು. ಮೇಷ್ಟರು ಮಕ್ಕಳನ್ನು ಮೂವರು ಮೂವರಾಗಿ ಕರೆದು ಪಾಠ ಹೇಳಿದರು. ಭಜನೆಯಲ್ಲಿ ತಾಳದವನಿಗೆ ಜಾಗ ಸಿಕ್ಕಿತು, ಹಾಡುವವನು ಹೊರಗುಳಿದ. ಬಸುರಿ ಬಸವಮ್ಮ ಬಾವಿಕಟ್ಟೆಗೆ ನಾಲ್ಕನೆಯವಳಾಗಿ ಬಂದರೆ ಲೆಕ್ಕ ನಾಲ್ಕೋ ಐದೋ ಎಂದು ದೊಡ್ಡ ಜಗಳವೇ ಆಯಿತು. ಹೆರಿಗೆಯಾಗುವ ತನಕ ಅವಳು ಮೂರರೊಳಗೇ ಬರಬೇಕೆಂದು ಹೆಂಗಸರು ತೀರ್ಮಾನ ಕೊಟ್ಟರು.

ದಾಕ್ಷಾಯಣಮ್ಮನ ಮನೆಯಲ್ಲಿದ್ದದ್ದು ಸರಿಯಾಗಿ ಐದು ಜನ: ಅವಳು, ಗಂಡ ಜಯದೇವಪ್ಪ, ಅತ್ತೆ, ಇಬ್ಬರು ಹೆಣ್ಣುಮಕ್ಕಳು. ಜಯದೇವಪ್ಪ ಮೊದಲ ದಿನವೇ ತಟ್ಟೆ ಎತ್ತಿಕೊಂಡು ಜಗಲಿಗೆ ಹೋದ.

"ನಮ್ಮ ಮನೇಲಿ ನಾವು ಉಂಡ್ರೆ ಯಾರು ಬಂದು ಎಣಿಸ್ತಾರೆ?" ಎಂದಳು ದಾಕ್ಷಾಯಣಮ್ಮ.

"ಎಣಿಸೋರು ಹೇಳಿ ಬರ್ತಾರಾ ಮಾರಾಯ್ತಿ? ಸಾರು ಹಾಕು."

ಈ ನಡುವೆ ಪಟೇಲ, ಊರ ದನ ನೀರು ಕುಡಿಯುವ ಕೆರೆದಂಡೆಗೆ ಬೇಲಿ ಹಾಕಿ ಬಾಳೆ ನೆಟ್ಟ. ಇದೇನು ಎಂದು ಕೇಳಲು ಊರು ಸೇರಬೇಕಿತ್ತು. ಊರು ಸೇರುವಂತಿರಲಿಲ್ಲ.

ಮಾಘದಲ್ಲಿ ದೊಡ್ಡ ಮಗಳು ಗಂಗಾಂಬಿಕೆಗೆ ಲಗ್ನ ಕೂಡಿಬಂತು. ಮದುವೆಗೆ ಮೊದಲು ಅರಿಶಿನ ಕುಟ್ಟುವ ಶಾಸ್ತ್ರ. ಅದಕ್ಕೆ ಐದು ಜನ ಮುತ್ತೈದೆಯರೇ ಆಗಬೇಕು. ಒರಳಿಗೆ ಐದು ಒನಕೆ ಬೀಳದೆ ಚಪ್ಪರದ ಕಂಬ ನೆಡುವಂತಿಲ್ಲ. ದಾಕ್ಷಾಯಣಮ್ಮ ಅತ್ತೆಯನ್ನೂ ಮಕ್ಕಳನ್ನೂ ಹಿತ್ತಲಿಗೆ ಕಳಿಸಿದಳು. ಅವಳೂ ನೆರೆಯ ಮೂವರೂ ಒರಳ ಸುತ್ತ ನಿಂತರು. ಐದನೆಯವಳು ಹೊನ್ನಕ್ಕ ಹೊಸಲಾಚೆಯೇ ನಿಂತಳು.

"ನಾ ಒಳಗೆ ಬರಲ್ಲ. ಒನಕೆ ಕಿಟಕೀಲಿ ಕೊಡು, ಮುಟ್ಟಿ ಕೊಡ್ತೀನಿ. ಅಷ್ಟಾದ್ರೆ ಸಾಲ್ದಾ?"

"ನಾಲ್ಕು ಜನ ಸಾಕಾಗೋದು ಹೆಣ ಹೊರೋಕೆ ಹೊನ್ನಕ್ಕ. ನನ್ನ ಮಗಳ ಮದುವೆಗೆ ಐದು ಬೇಕು."

ಶುಭಕಾರ್ಯದಲ್ಲಿ ಆಡಬಾರದ ಮಾತು. ಆಡಿದ ಮೇಲೆ ದಾಕ್ಷಾಯಣಮ್ಮನಿಗೆ ಅಳು ಬಂತು. ಲಗ್ನಕ್ಕೆ ಎಂಟೇ ದಿನವಿತ್ತು.

ಗಂಡಹೆಂಡತಿ ಪಟೇಲನ ಮನೆಗೆ ಹೋದರು. ಕಲ್ಲೇಶಪ್ಪ ಎಲೆ ಜಗಿಯುತ್ತಾ ನಿಟ್ಟುಸಿರು ಬಿಟ್ಟ. "ಸರ್ಕಾರದ ಆರ್ಡರು ಕಣಮ್ಮ, ನನ್ನ ಕೈಲೇನಿದೆ? ಆದ್ರೆ ಹೆಣ್ಣುಮಗು ಮದುವೆ. ಕೆರೆದಂಡೆ ಬೇಲಿಗೆ ತಕರಾರಿಲ್ಲ ಅಂತ ಜಯದೇವಪ್ಪ ಒಂದು ಸಹಿ ಹಾಕ್ಲಿ. ಮದುವೆ ಮುಗಿಯೋ ತನಕ ನಾನು ಕಣ್ಣು ಮುಚ್ಕೊಂಡಿರ್ತೀನಿ."

ಜಯದೇವಪ್ಪ ಆಗಲೇ ಲೇಖನಿಗೆ ಕೈ ಚಾಚಿದ್ದ. ಹೆಂಡತಿ ಅವನ ಪಂಚೆಯ ಚುಂಗು ಹಿಡಿದು ಎಳೆದಳು. "ನಾಳೆ ಸೀರೆ ತರೋಕೆ ನರಸಿಂಹರಾಜಪುರಕ್ಕೆ ಹೋಗೋದಿದೆ. ಬಂದ್ಮೇಲೆ ಹಾಕ್ತಾರೆ."

ಇದ್ದಿಲ ಹೊಗೆಯಲ್ಲಿ ಓಡುವ ಆ ಯುದ್ಧಕಾಲದ ಬಸ್ಸಿನಲ್ಲಿ ಇಪ್ಪತ್ತೇಳು ಜನ ಕೂತಿದ್ದರು. ಜಯದೇವಪ್ಪ ಎಣಿಸಿಯೇ ಬೆವರಿದ. "ಪೇಟೆಯೋರಿಗೆ ಪೇಟೆ ಕಾನೂನು ಇರ್ಬೇಕು," ಎಂದು ತಾನೇ ಸಮಾಧಾನ ಮಾಡಿಕೊಂಡ. ದಾಕ್ಷಾಯಣಮ್ಮನ ಎದುರಿಗೆ ಒಬ್ಬ ಪೊಲೀಸಿನವನೇ ಕೂತು ತೂಕಡಿಸುತ್ತಿದ್ದ. ಅವಳು ದಾರಿಯುದ್ದಕ್ಕೂ ಅವನನ್ನೇ ನೋಡಿದಳು. ಬಸ್ಸಿಳಿದು ಸೀರೆಯಂಗಡಿಗೆ ಹೋಗಲಿಲ್ಲ, ನೆಟ್ಟಗೆ ತಾಲ್ಲೂಕು ಕಚೇರಿಗೆ ನಡೆದಳು. ಜಯದೇವಪ್ಪ ಹಿಂದೆಯೇ ಬಂದ, ಆದರೆ ಹತ್ತು ಮಾರು ಹಿಂದೆ.

ಗುಮಾಸ್ತ ಕಡತ ತಿರುವಿದ. "ಆ ಆರ್ಡರು ದೀಪಾವಳಿಗೇ ರದ್ದಾಯ್ತಲ್ಲಮ್ಮ. ಅದೂ ಪೇಟೆಬೀದಿಗೆ ಮಾಡಿದ್ದು. ಮದುವೆ, ಮನೆ ಊಟಕ್ಕೆ ಯಾವತ್ತೂ ಇರ್ಲಿಲ್ಲ. ನಿಮ್ಮ ಪಟೇಲರಿಗೂ ಕಾಗದ ಮುಟ್ಟಿದೆ, ಇಗೋ ಸಹಿ. ಇಷ್ಟು ದಿನ ಊರಲ್ಲಿ ಯಾರೂ ಕೇಳ್ಲಿಲ್ವಾ?"

"ಕೇಳೋಕೆ ನಾಲ್ಕೈದು ಜನ ಸೇರ್ಬೇಕಿತ್ತಲ್ಲ ಸ್ವಾಮಿ," ಎಂದಳು ದಾಕ್ಷಾಯಣಮ್ಮ.

ಸಿಟ್ಟು ಬಂದದ್ದು ಪಟೇಲನ ಮೇಲಲ್ಲ. ಆರು ತಿಂಗಳು ಗಂಡನ ತಟ್ಟೆಯನ್ನು ಜಗಲಿಗೆ ಕೊಟ್ಟ ತನ್ನ ಕೈಯ ಮೇಲೆ.

ಊರಿಗೆ ಬಂದು ಹೇಳಿದರೆ ಹೊನ್ನಕ್ಕ ಮತ್ತೂ ಹೊಸಲಾಚೆಯೇ. "ನೀ ಸುಳ್ಳು ಹೇಳ್ತಿ ಅಂತಲ್ಲ. ಆದ್ರೂ ಪಟೇಲ್ರು ಒಂದು ಮಾತು ಹೇಳ್ಲಿ." ಉಳಿದವರದೂ ಅದೇ ರಾಗ. ಸತ್ತ ಕಾನೂನನ್ನು ಊರೇ ಅನ್ನ ಹಾಕಿ ಸಾಕುತ್ತಿತ್ತು.

ಮರುದಿನ ಬೆಳಿಗ್ಗೆ ದಾಕ್ಷಾಯಣಮ್ಮ ಮಡಿಯುಟ್ಟು, ಅರಿಶಿನ ಕುಂಕುಮದ ತಟ್ಟೆ ಹಿಡಿದು ಪಟೇಲನ ಮನೆಯ ಹಿಂಬಾಗಿಲಿಗೆ ಹೋದಳು. ಕರೆದದ್ದು ಪಟೇಲನನ್ನಲ್ಲ, ಅವನ ಹೆಂಡತಿ ಪ್ರೇಮಕ್ಕನನ್ನು. ಮುತ್ತೈದೆಯಾದವಳು ಅರಿಶಿನ ಕುಟ್ಟಲು ಕರೆ ಬಂದರೆ ಇಲ್ಲವೆನ್ನುವಂತಿಲ್ಲ. ಎಂದರೆ ಅವಳ ತಾಳಿಗೇ ಕೇಡು. ಪ್ರೇಮಕ್ಕನಿಗೆ ಆರ್ಡರಿನ ಹೆದರಿಕೆಗಿಂತ ಆ ಹೆದರಿಕೆ ದೊಡ್ಡದು. ಹೊಸ ಸೀರೆಯುಟ್ಟು ಬಂದು, ಒರಳ ಮುಂದೆ ಐದನೆಯವಳಾಗಿ ನಿಂತು ಒನಕೆ ಎತ್ತಿದಳು.

ಅದನ್ನು ಕಂಡು ಹೊನ್ನಕ್ಕ ಹೊಸಲು ದಾಟಿದಳು. ಹಿಂದೆಯೇ ಬಸವಮ್ಮ, ಕಂಕುಳಲ್ಲಿ ಎರಡು ತಿಂಗಳ ಕೂಸಿನೊಂದಿಗೆ. ಪಟೇಲ ಓಡಿಬರುವ ಹೊತ್ತಿಗೆ ಪಡಸಾಲೆಯಲ್ಲಿ ಹದಿನೆಂಟು ಹೆಂಗಸರು ಸೋಬಾನೆ ಹೇಳುತ್ತಿದ್ದರು.

"ಎಣಿಸಿಕೊಳ್ಳಿ ಪಟೇಲ್ರೆ," ಎಂದಳು ದಾಕ್ಷಾಯಣಮ್ಮ. "ಐದನೆಯವರು ನಿಮ್ಮ ಮನೆಯವರು. ಜೈಲಿಗೆ ಹಾಕೋದಾದ್ರೆ ಅವರಿಂದ್ಲೇ ಶುರುಮಾಡಿ."

ಕಲ್ಲೇಶಪ್ಪ ಹೆಂಡತಿಯ ಮುಖ ನೋಡಿದ. ಒನಕೆ ಇನ್ನೂ ಅವಳ ಕೈಯಲ್ಲೇ ಇತ್ತು. "ಆರ್ಡರು ನಿನ್ನೆ ರದ್ದಾಯ್ತು. ಅದನ್ನೇ ಹೇಳೋಣ ಅಂತ ಬಂದೆ," ಎಂದ.

ಮದುವೆಗೆ ಮುನ್ನೂರು ಜನ ಉಂಡರು. ಎಲ್ಲರೂ ಮೀಸೆ ತಿರುವಿ, ತಮಗೆ ಮೊದಲೇ ಅನುಮಾನವಿತ್ತು ಎಂದರು. ಬೀಗರೂಟ ಮುಗಿದ ಮೇಲೆ ದಾಕ್ಷಾಯಣಮ್ಮ ಮನೆ ಮನೆಗೆ ಹೋಗಿ, ಕೆರೆದಂಡೆಯ ಬೇಲಿ ಕೇಳಲು ಸೋಮವಾರ ಬನ್ನಿ ಎಂದು ಕರೆದಳು. ಬರ್ತೀವಿ ಅಂದವರು ಮುನ್ನೂರು. ಸೋಮವಾರ ಬಾಗಿಲಿಗೆ ಬಂದವರು ಹೊನ್ನಕ್ಕ, ಬಸವಮ್ಮ, ಮೇಷ್ಟರು. ದಾಕ್ಷಾಯಣಮ್ಮ ಸೇರಿ ನಾಲ್ಕು.

ಮಗಳು ಗಂಡನ ಮನೆಗೆ ಹೋಗಿದ್ದಳು, ಮನೆಯಲ್ಲಿ ಉಳಿದದ್ದು ನಾಲ್ಕೇ ಜನ. ಆದರೂ ಜಯದೇವಪ್ಪ ಅಭ್ಯಾಸಬಲದಿಂದ ಜಗಲಿಯಲ್ಲೇ ಉಣ್ಣುತ್ತಿದ್ದ. ಹೊರಟವರನ್ನು ನೋಡಿದ. ಬೆರಳು ಮಡಿಸಿ ಎಣಿಸಿದ. ಬೀದಿಯ ಆ ತುದಿ, ಈ ತುದಿ ನೋಡಿದ.

"ನಾಲ್ಕೇ ಜನ ಹೋಗ್ತಿದೀರಲ್ಲ," ಎಂದ.

"ಕಾನೂನು ಮೀರ್ಬಾರ್ದಲ್ಲ," ಎಂದಳು ಹೆಂಡತಿ, ತಿರುಗಿ ನೋಡದೆ.

ಜಯದೇವಪ್ಪ ತಟ್ಟೆಯಲ್ಲೇ ಕೈ ತೊಳೆದು, ಟವೆಲು ಹೆಗಲಿಗೆ ಹಾಕಿಕೊಂಡು ಅವರ ಹಿಂದೆ ನಡೆದ. ಮೊದಲು ಹತ್ತು ಮಾರು ಹಿಂದೆ. ಕೆರೆ ಕಾಣುವ ಹೊತ್ತಿಗೆ ಜೊತೆಗೆ.